ತ್ಯಾವರೆಕೊಪ್ಪಕ್ಕೆ ಮಾನ್ಯತೆ ಇದೆ, ಮತ್ತೆ ಸಿಂಗಳೀಕದ ಮರಿ ಮಾಡಿಸೋಕೆ ಏನು ಅಡ್ಡಿ?

ಕಾನುಮನೆ (ಸಾಗರ):
ಬಲ್ಲವರು ಇದ್ದೀರಿ ಅಂತ ಇಲ್ಲಿ ಕೇಳ್ತಿದ್ದೇನೆ. ಶಿವಮೊಗ್ಗ ಹತ್ರದ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ 1988ರಿಂದ ಇದೆ. ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆಯೂ ಇದೆ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಯಾವ ಕಾಡಲ್ಲೂ ಇಲ್ಲದ ಸಿಂಗಳೀಕ ಇರೋದು ಅಲ್ಲಿಂದ ಒಂದೆರಡು ಗಂಟೆ ದಾರಿಯ ಶರಾವತಿ ಕಣಿವೇಲಿ. ಅಮೆರಿಕ, ಯುರೋಪಿನ ಮೃಗಾಲಯದವರು ಅದನ್ನ ದಶಕಗಳಿಂದ ಸಾಕಿ ಮರಿ ಮಾಡಿಸ್ತಿದ್ದಾರೆ. ನಮ್ಮ ಜಿಲ್ಲೆಯ ಪ್ರಾಣಿಗೆ ನಮ್ಮ ಜಿಲ್ಲೆಯ ಮೃಗಾಲಯದಲ್ಲೇ ಸಂತಾನಾಭಿವೃದ್ಧಿ ಕೇಂದ್ರ ಯಾಕಿಲ್ಲ? ಮಾನ್ಯತೆ ಅಂತ ಕೊಡೋದು ಇಂಥ ಕೆಲಸಕ್ಕಲ್ದೆ ಮತ್ತೆಂತಕ್ಕೆ?

ಹೊಸನಗರದ ಹೈದ:
ಇರೋ ಹುಲಿ ಸಿಂಹ ನೆಟ್ಟಗೆ ನೋಡ್ಕೊಳ್ಲಿ ಮೊದ್ಲು. ಸಿಂಗಳೀಕ ಕಾಡಲ್ಲೇ ಆರಾಮಾಗಿದೆ.

ಕಲಂ38:
ಮಾನ್ಯತೆಯನ್ನ ಬಹುಮಾನದ ಥರ ನೋಡ್ತಿದ್ದೀರಿ, ಅಲ್ಲೇ ಗೊಂದಲ. ಅದು ಪರವಾನಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿಯಾಗಿ ಮೃಗಾಲಯಗಳ ಅಧ್ಯಾಯ ಸೇರಿತು, 1992ರಲ್ಲಿ ಪ್ರಾಧಿಕಾರ ಶುರುವಾಯ್ತು. ಅದರ 38ಎಚ್ ಕಲಮಿನ ಪ್ರಕಾರ ಮಾನ್ಯತೆ ಇಲ್ಲದೆ ಯಾರೂ ಮೃಗಾಲಯ ನಡೆಸೋ ಹಾಗಿಲ್ಲ. ಅದನ್ನ ಅಮಾನತು ಮಾಡೋ, ರದ್ದು ಮಾಡೋ ಅಧಿಕಾರವೂ ಪ್ರಾಧಿಕಾರಕ್ಕಿದೆ.

ಮಾನ್ಯತೆಗೆ ಏನು ನೋಡ್ತಾರೆ ಅನ್ನೋದು 2009ರ ನಿಯಮಗಳಲ್ಲಿದೆ. ಸುತ್ತ ಕನಿಷ್ಠ 2 ಮೀಟರ್ ಎತ್ತರದ ಗೋಡೆ, ವಾರಕ್ಕೆ ಒಂದು ದಿನ ರಜೆ, ಸತ್ತ ಪ್ರತಿ ಪ್ರಾಣಿಗೂ ಮರಣೋತ್ತರ ಪರೀಕ್ಷೆ, ಹುಟ್ಟು–ಸಾವಿನ ಲೆಕ್ಕ ತ್ರೈಮಾಸಿಕವಾಗಿ ಕಳಿಸೋದು, ಕ್ವಾರಂಟೈನ್, ವೈದ್ಯರು, ಮಾಸ್ಟರ್ ಪ್ಲಾನ್. ಹುಲಿ ಜೋಡಿಗೆ ಕನಿಷ್ಠ 1000 ಚದರ ಮೀಟರ್ ಬಯಲು ಆವರಣ ಬೇಕು, ರಾತ್ರಿ ಕೋಣೆ 2.75 ಮೀಟರ್ ಉದ್ದ, 1.80 ಅಗಲ, 3 ಮೀಟರ್ ಎತ್ತರ. ಇಷ್ಟಿದ್ದರೆ ಪ್ರಾಣಿ ಇಟ್ಟುಕೊಳ್ಳೋಕೆ ಅರ್ಹತೆ ಬಂತು. ಯಾವ ಪ್ರಾಣಿಯಿಂದ ಎಷ್ಟು ಮರಿ ಮಾಡಿಸಬೇಕು ಅನ್ನೋ ತೀರ್ಮಾನ ಅದರೊಳಗೆ ಬರಲ್ಲ.

ಹೊಸ ಜಾತಿ ತರಬೇಕಾದ್ರೆ ಅದು ಒಪ್ಪಿಗೆಯಾದ ಸಂಗ್ರಹ ಯೋಜನೇಲಿ, ಅಂದ್ರೆ ಯಾವ ಯಾವ ಪ್ರಾಣಿ ಸಾಕೋದು ಅನ್ನೋ ಪಟ್ಟೀಲಿ ಇರಬೇಕು. 38ಐ ಪ್ರಕಾರ ಸಂರಕ್ಷಿತ ಪ್ರಾಣಿಯನ್ನ ತರೋದಕ್ಕೂ ಕೊಡೋದಕ್ಕೂ ಪ್ರಾಧಿಕಾರದ ಮುಂಚಿತ ಅನುಮತಿ ಬೇಕು, ಅದೂ ಮಾನ್ಯತೆ ಇರೋ ಮೃಗಾಲಯಗಳ ನಡುವೆ ಮಾತ್ರ. ಕಾಡಿಂದ ಸಿಂಗಳೀಕ ಹಿಡಿಯೋದಂತೂ 12ನೇ ಕಲಮಿನ ವಿಷಯ, ಮೊದಲ ಅನುಸೂಚಿಯ ಪ್ರಾಣಿ ಆದ್ದರಿಂದ ಕೇಂದ್ರ ಸರ್ಕಾರವೇ ಒಪ್ಪಬೇಕು.

ಕಾನುಮನೆ (ಸಾಗರ):
@ಕಲಂ38 ಸರಿ. ಅಂದ್ರೆ ಇಲ್ಲಿನ ಮಾನ್ಯತೆ ಬರೀ ಲೈಸೆನ್ಸು, ಅಮೆರಿಕದ್ದು ನಿಜವಾದ ಗುಣಮಟ್ಟ ಅಂತಾನಾ?

ಕಲಂ38:
ಅಲ್ಲಿ ಎರಡೂ ಬೇರೆ ಬೇರೆ. ಪ್ರಾಣಿ ಪ್ರದರ್ಶನ ಮಾಡೋರಿಗೆ ಅಲ್ಲಿನ ಕೃಷಿ ಇಲಾಖೆಯ ಲೈಸೆನ್ಸ್ ಕಡ್ಡಾಯ. ಎಝಡ್‌ಎ ಅನ್ನೋದು ಮೃಗಾಲಯಗಳ ಸಂಘ, ಅದರ ಮಾನ್ಯತೆ ಐಚ್ಛಿಕ. ಐದು ವರ್ಷಕ್ಕೊಮ್ಮೆ ಮೊದಲಿಂದ ಪರೀಕ್ಷೆ ಕೊಡಬೇಕು. ಲೈಸೆನ್ಸ್ ಇರೋರಲ್ಲಿ ಶೇ 10ಕ್ಕಿಂತ ಕಡಿಮೆ ಮಂದಿಗೆ ಮಾತ್ರ ಆ ಮಾನ್ಯತೆ ಇದೆ. ರಸ್ತೆ ಬದಿ ಹುಲಿ ಮರಿ ಕೈಗೆ ಕೊಟ್ಟು ಫೋಟೊ ತೆಗೆಸ್ತಿದ್ದೋರ ಹತ್ರಾನೂ ಲೈಸೆನ್ಸ್ ಇತ್ತು.

ವ್ಯತ್ಯಾಸ ಏನಂದ್ರೆ, ಎಝಡ್‌ಎ ಮಾನ್ಯತೆ ಸಿಕ್ಕ ಮೃಗಾಲಯ ಅವರ ಜಂಟಿ ಸಂತಾನಾಭಿವೃದ್ಧಿ ಯೋಜನೆಯ ಮಾತು ಕೇಳಬೇಕು. 1981ರಲ್ಲಿ ಶುರುವಾದ ವ್ಯವಸ್ಥೆ ಅದು. ಯುರೋಪಲ್ಲಿ 1985ರಿಂದ ಇಂಥದ್ದೇ ಇನ್ನೊಂದಿದೆ. ನಮ್ಮಲ್ಲಿ ಲೈಸೆನ್ಸ್, ಗುಣಮಟ್ಟ, ಸಂತಾನ ಯೋಜನೆ ಮೂರೂ ಒಂದೇ ಪ್ರಾಧಿಕಾರದ ಕೈಲಿವೆ. ಅದೇ ಬಲ, ಅದೇ ತೊಡಕು.

ತುಂಗಾತೀರ:
ಎಲ್ಲಾ ಕಾಗದದ ಹುಲಿ ಕಣ್ರೀ. ತಪಾಸಣೆಗೆ ಬರ್ತಾರೆ ಅಂದ್ರೆ ಹಿಂದಿನ ದಿನ ಸುಣ್ಣ ಬಳೀತಾರೆ, ವರದಿ ಬರೀತಾರೆ, ಮುಗೀತು.

ಕಲಂ38:
@ತುಂಗಾತೀರ ಸುಣ್ಣ ಬಳಿದ್ರೆ ಕಾಂಪೌಂಡು ಬೆಳ್ಳಗಾಗುತ್ತೆ, ಮರಣೋತ್ತರ ವರದಿ ಹುಟ್ಟಲ್ಲ. ತಪಾಸಣೆ ಮಾಡೋರು ಮೊದಲು ಕೇಳೋದು ದಾಖಲೆ ಪುಸ್ತಕ. ಅಂಕ ಕೊಟ್ಟು ಹೋಲಿಸೋ ಮೌಲ್ಯಮಾಪನವೂ ಈಗ ಇದೆ. 2022ರಲ್ಲಿ ಅದರ ಫಲಿತಾಂಶ ಬಂದಾಗ ಡಾರ್ಜಿಲಿಂಗ್ ಮೊದಲು, ಚೆನ್ನೈನ ವಂಡಲೂರು ಎರಡು, ಮೈಸೂರು ಮೂರು.

ಅಂಕಿಲೆಕ್ಕ:
ಕಾನುಮನೆಯವರ ಪ್ರಶ್ನೆಗೆ ಕಾನೂನಿಗಿಂತ ಗಣಿತ ಬೇಗ ಉತ್ತರ ಕೊಡುತ್ತೆ.

ಸಂರಕ್ಷಣೆಗಾಗಿ ಮರಿ ಮಾಡಿಸೋದು ಅಂದ್ರೆ ಗುರಿ ಸಾಮಾನ್ಯವಾಗಿ ಇದು: 100 ವರ್ಷ ಆದಮೇಲೂ ಮೂಲ ಕಾಡಿನ ಗುಂಪಿನ ವಂಶವಾಹಿ ವೈವಿಧ್ಯದ ಶೇ 90 ಉಳಿದಿರಬೇಕು. ಮೊದಲು ತರೋ ಸಂಬಂಧ ಇಲ್ಲದ ಪ್ರಾಣಿಗಳನ್ನ ಮೂಲಪ್ರಾಣಿ ಅಂತ ಕರೆಯೋಣ. ಅವುಗಳಲ್ಲಿ ಬರೋ ವೈವಿಧ್ಯ 1 − 1/(2N), N ಅಂದ್ರೆ ಅವುಗಳ ಸಂಖ್ಯೆ. ಒಂದೇ ಜೋಡಿ ತಂದ್ರೆ ಶೇ 75. ಐದು ಪ್ರಾಣಿ ತಂದ್ರೆ 90. ಇಪ್ಪತ್ತು ತಂದ್ರೆ 97.5. ಇಪ್ಪತ್ತರ ಮೇಲೆ ಎಷ್ಟು ತಂದ್ರೂ ಹೆಚ್ಚು ಲಾಭ ಇಲ್ಲ, ಐದಕ್ಕಿಂತ ಕಡಿಮೆ ಇದ್ರೆ ಶುರುವಲ್ಲೇ ಸೋಲು.

ಆಮೇಲೆ ಪ್ರತಿ ಪೀಳಿಗೇಲಿ 1/(2Ne) ಭಾಗ ಕಳೀತಾ ಹೋಗುತ್ತೆ. Ne ಅಂದ್ರೆ ತಲೆ ಎಣಿಕೆ ಅಲ್ಲ, ನಿಜವಾಗಿ ವಂಶ ಮುಂದುವರಿಸೋ ಲೆಕ್ಕದ ಸಂಖ್ಯೆ. ಗಂಡು ಹೆಣ್ಣು ಸಮ ಇಲ್ಲದಿದ್ರೆ ಸೂತ್ರ 4 × ಗಂಡು × ಹೆಣ್ಣು ÷ (ಗಂಡು + ಹೆಣ್ಣು). ಸಿಂಗಳೀಕದ ಗುಂಪಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಗಂಡು, ಹಲವು ಹೆಣ್ಣು. ಒಂದು ಗಂಡು ಹತ್ತು ಹೆಣ್ಣು ಅಂದುಕೊಳ್ಳಿ: 40 ÷ 11 = 3.6. ಹನ್ನೊಂದು ಪ್ರಾಣಿಗೆ ಊಟ ಹಾಕಿ, ವಂಶದ ಲೆಕ್ಕದಲ್ಲಿ ನಾಲ್ಕೂ ಇಲ್ಲ.

ಸಿಂಗಳೀಕಕ್ಕೆ ಪೀಳಿಗೆ ಸುಮಾರು ಹತ್ತು ವರ್ಷ ಅಂತ ಹಿಡಿದ್ರೆ ನೂರು ವರ್ಷಕ್ಕೆ ಹತ್ತು ಪೀಳಿಗೆ. Ne 10 ಇದ್ರೆ ಕೊನೇಲಿ ಉಳಿಯೋದು ಶೇ 60. Ne 25 ಇದ್ರೆ 82. Ne 50 ಇದ್ರೆ 90. ಮೃಗಾಲಯದ ಗುಂಪುಗಳಲ್ಲಿ Ne ಸಾಮಾನ್ಯವಾಗಿ ತಲೆ ಎಣಿಕೆಯ ಮೂರನೇ ಒಂದು ಭಾಗದ ಆಸುಪಾಸು. ಅಂದ್ರೆ 50 ಬೇಕಾದ್ರೆ 150ಕ್ಕೂ ಹೆಚ್ಚು ಸಿಂಗಳೀಕ, ಹತ್ತಾರು ಗುಂಪು. ಒಂದು ತ್ಯಾವರೆಕೊಪ್ಪ ಬಿಡಿ, ಒಂದು ರಾಜ್ಯದ ಕೈಲೂ ಆಗೋದಲ್ಲ.

ಅಡಿಕೆಗೊನೆ:
ಲೆಕ್ಕ ಓದಿ ತಲೆ ಗಿರ್ ಅಂತು ಮಾರಾಯ್ರೆ. ಒಟ್ಟು ತಾತ್ಪರ್ಯ, ಒಬ್ಬರ ಕೈಲಿ ಆಗಲ್ಲ. ಸರಿ ತಾನೆ?

ಅಂಕಿಲೆಕ್ಕ:
@ಅಡಿಕೆಗೊನೆ ಅಷ್ಟೇ. ಗಂಡುಗಳನ್ನ ನಾಲ್ಕೈದು ವರ್ಷಕ್ಕೊಮ್ಮೆ ಮೃಗಾಲಯಗಳ ನಡುವೆ ಬದಲಾಯಿಸಿದ್ರೆ Ne ಏರುತ್ತೆ. ಹಾಗೆ ಬದಲಾಯಿಸೋಕೆ ಒಂದು ಪುಸ್ತಕ ಬೇಕು, ಅದೇ ಸ್ಟಡ್‌ಬುಕ್.

ದನದ_ಡಾಕ್ಟ್ರು (ತೀರ್ಥಹಳ್ಳಿ):
ಸ್ಟಡ್‌ಬುಕ್ ಅಂದ್ರೆ ವಂಶಾವಳಿ ದಾಖಲೆ. ಪ್ರತಿ ಪ್ರಾಣಿಗೆ ಒಂದು ಸಂಖ್ಯೆ, ಅಪ್ಪನ ಸಂಖ್ಯೆ, ಅಮ್ಮನ ಸಂಖ್ಯೆ, ಹುಟ್ಟಿದ ದಿನ, ಜಾಗ, ಎಲ್ಲಿಂದ ಎಲ್ಲಿಗೆ ಹೋಯ್ತು, ಯಾವಾಗ ಸತ್ತಿತು, ಯಾಕೆ ಸತ್ತಿತು. ಪ್ರಾಣಿ ಗುರುತಿಗೆ ಚರ್ಮದಡಿ 12 ಮಿಲಿಮೀಟರ್ ಉದ್ದದ, ಅಕ್ಕಿಕಾಳಿನಷ್ಟು ದಪ್ಪದ ಮೈಕ್ರೊಚಿಪ್, ಅದರಲ್ಲಿ 15 ಅಂಕಿಯ ನಂಬರು. ಸಸ್ತನಿಗಳಿಗೆ ಎಡ ಕಿವಿ ಹಿಂದೆ ಅಥವಾ ಎಡ ಭುಜದ ಹತ್ರ ಹಾಕೋದು ರೂಢಿ. ಎಲ್ಲರೂ ಒಂದೇ ಕಡೆ ಹಾಕದಿದ್ರೆ ಪ್ರಾಣಿ ಬೇರೆ ಊರಿಗೆ ಹೋದಾಗ ರೀಡರ್ ಹಿಡಿದು ಇಡೀ ಮೈ ಹುಡುಕಬೇಕಾಗುತ್ತೆ, ಕೊನೆಗೆ ಸಿಗಲಿಲ್ಲ ಅಂತ ಇನ್ನೊಂದು ಹಾಕಿಬಿಡ್ತಾರೆ. ಒಂದು ಪ್ರಾಣಿ, ಎರಡು ನಂಬರು, ದಾಖಲೆ ಕೆಟ್ಟಿತು.

ಆ ಪುಸ್ತಕದಿಂದ ಪ್ರತಿ ಪ್ರಾಣಿಗೂ ಸರಾಸರಿ ರಕ್ತಸಂಬಂಧದ ಅಂಕ ತೆಗೀತಾರೆ, ಅಂದ್ರೆ ಇಡೀ ಸಾಕು ಗುಂಪಿನ ಜೊತೆ ಅದು ಎಷ್ಟು ನೆಂಟ ಅಂತ. ಅಂಕ ಕಡಿಮೆ ಇದ್ದಷ್ಟು ಅದರ ವಂಶ ಅಪರೂಪ, ಅದಕ್ಕೆ ಮೊದಲ ಆದ್ಯತೆ. ಜೋಡಿ ಮಾಡುವಾಗ ಎರಡರ ಅಂಕವೂ ಹತ್ತಿರ ಹತ್ತಿರ ಇರಬೇಕು. ಅಪರೂಪದ್ದನ್ನ ಹೆಚ್ಚು ಮರಿ ಇರೋ ವಂಶಕ್ಕೆ ಕೂಡಿಸಿದ್ರೆ ಆಮೇಲೆ ಬಿಡಿಸೋಕೆ ಬರಲ್ಲ. ಒಡಹುಟ್ಟಿದ ಅಣ್ಣ–ತಂಗಿ ಕೂಡಿದ್ರೆ ಮರಿಯ ಒಳಸಂತಾನ ಗುಣಾಂಕ (ಅಪ್ಪ–ಅಮ್ಮ ಎಷ್ಟು ಹತ್ತಿರದ ರಕ್ತ ಅನ್ನೋ ಅಳತೆ) 0.25, ಅಪ್ಪ ಅಥವಾ ಅಮ್ಮ ಮಾತ್ರ ಒಂದೇ ಆದ್ರೆ 0.125.

ನಮ್ಮಲ್ಲಿ ಒಂದೊಂದು ಜಾತಿಗೂ ಒಂದು ಸಮನ್ವಯ ಮೃಗಾಲಯ, ಉಳಿದವು ಸಹಭಾಗಿ. ಸಿಂಗಳೀಕಕ್ಕೆ ಚೆನ್ನೈನ ವಂಡಲೂರು, ಮೈಸೂರು ಸಹಭಾಗಿ. ಏಷ್ಯಾ ಸಿಂಹಕ್ಕೆ ಜುನಾಗಢದ ಸಕ್ಕರ್‌ಬಾಗ್, ಕಾಡೆಮ್ಮೆಗೆ ಮೈಸೂರು, ಕಾಳಿಂಗ ಸರ್ಪಕ್ಕೆ ಮಂಗಳೂರಿನ ಪಿಲಿಕುಳ. ಹಾಗಾಗಿ ಕಾನುಮನೆಯವರು "ತ್ಯಾವರೆಕೊಪ್ಪದಲ್ಲಿ ಕೇಂದ್ರ ಯಾಕಿಲ್ಲ" ಅನ್ನೋ ಬದಲು "ತ್ಯಾವರೆಕೊಪ್ಪ ಸಹಭಾಗಿ ಆಗಬಹುದಾ" ಅಂತ ಕೇಳಿದ್ರೆ ಉತ್ತರ ಬೇರೆ.

ಹೊಸನಗರದ ಹೈದ:
ಅಂದ್ರೆ ಪೇಪರಲ್ಲಿ "ಮೃಗಾಲಯದಲ್ಲಿ ನಾಲ್ಕು ಮರಿ ಜನನ, ಸಂರಕ್ಷಣೆಗೆ ದೊಡ್ಡ ಯಶಸ್ಸು" ಅಂತ ಬರೋದೆಲ್ಲ?

ದನದ_ಡಾಕ್ಟ್ರು (ತೀರ್ಥಹಳ್ಳಿ):
@ಹೊಸನಗರದ ಹೈದ ಅಪ್ಪ–ಅಮ್ಮನ ನಂಬರು ಬರೆದಿಲ್ಲ ಅಂದ್ರೆ ನಾಲ್ಕು ಮರಿ ಹುಟ್ಟಿದ ಸುದ್ದಿ, ಅಷ್ಟೇ. ಹುಲಿ 103–105 ದಿನಕ್ಕೆ ಈಯುತ್ತೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ, ಹೊಟ್ಟೆಗೆ ಸರಿಯಾಗಿ ಹಾಕಿದ್ರೆ ಮೃಗಾಲಯದಲ್ಲಿ ಹುಲಿ ಮರಿ ಹಾಕೋದು ಕಷ್ಟದ ಕೆಲಸವೇ ಅಲ್ಲ. ಯಾವುದನ್ನ ಬೆದೆಗೆ ಬಂದಾಗಲೂ ಬೇರೆ ಇಡಬೇಕು ಅನ್ನೋದು ಕಷ್ಟ.

ಮರಿ ಮಾಡಿಸಬಾರದು ಅಂತ ನಿಯಮದಲ್ಲೇ ಇದೆ: ಬೇಗ ಹೆಚ್ಚೋ ಪ್ರಾಣಿಗಳ ಸಂಖ್ಯೆ ಹತೋಟೀಲಿಡಬೇಕು, ಅಡ್ಡತಳಿ ಮಾಡಬಾರದು. ಚುಕ್ಕೆ ಜಿಂಕೆ, ಕೃಷ್ಣಮೃಗ, ಮೊಸಳೆ ಇವೆಲ್ಲ ಬಿಟ್ಟಷ್ಟೂ ಹೆಚ್ಚುತ್ತವೆ. ಜಿಂಕೆ ಸಫಾರಿಯಲ್ಲಿ ಎರಡು ಬಲವಾದ ಗಂಡು ಇಡೀ ಹಿಂಡನ್ನ ಹಿಡಿದಿಟ್ಟುಕೊಂಡು ಕೆಲವೇ ವರ್ಷದಲ್ಲಿ ಎಲ್ಲಾ ಮರಿಗಳೂ ಅದೇ ರಕ್ತ ಆಗಿರುತ್ತೆ. ಗಂಡು–ಹೆಣ್ಣು ಬೇರೆ ಬೇಲಿಯಲ್ಲಿಡೋದು ಅಗ್ಗದ ಉಪಾಯ, ಗಂಡುಗಳಿಗೆ ವ್ಯಾಸೆಕ್ಟಮಿ ಇನ್ನೊಂದು. ಹಿಂಡು ದಟ್ಟ ಆದ್ರೆ ಗಳಲೆ ರೋಗ ಬಂದಾಗ ಏನಾಗುತ್ತೆ ಅಂತ 2025ರ ನವೆಂಬರಲ್ಲಿ ಬೆಳಗಾವಿ ಹತ್ರ ಕೃಷ್ಣಮೃಗಗಳು ಸಾಲಾಗಿ ಸತ್ತಾಗ ಎಲ್ಲರೂ ನೋಡಿದ್ರಲ್ಲ.

ತುಂಗಾತೀರ:
ಅಡ್ಡತಳಿ ಮಾಡಬಾರದು ಅಂತ ಬರೆದಿದ್ದು ಆದಮೇಲೆ. ಛತ್‌ಬೀರ್ ಕಥೆ ಹೇಳಿ ಡಾಕ್ಟ್ರೆ.

ದನದ_ಡಾಕ್ಟ್ರು (ತೀರ್ಥಹಳ್ಳಿ):
ಪಂಜಾಬಿನ ಛತ್‌ಬೀರಲ್ಲಿ ಸರ್ಕಸ್ಸಿಂದ ಬಂದ ಆಫ್ರಿಕಾ ಸಿಂಹ ಮತ್ತು ಏಷ್ಯಾ ಸಿಂಹ ಬೆರೆತು ಡಜನ್‌ಗಟ್ಟಲೆ ಮಿಶ್ರತಳಿ ಆಯ್ತು. ಪ್ರಾಧಿಕಾರ ಸಂತಾನ ನಿಲ್ಲಿಸಿ ಅಂತ ಹೇಳಿ ಗಂಡುಗಳಿಗೆ ಶಸ್ತ್ರಚಿಕಿತ್ಸೆ ಆಯ್ತು. ಅವು ಸಾಯೋತನಕ ಸಾಕಬೇಕು, ಗೀರ್‌ಗೆ ಸೇರಿಸೋ ಹಾಗಿಲ್ಲ, ಅಷ್ಟೂ ಜಾಗ ಅಷ್ಟೂ ಮಾಂಸ ಆ ಲೆಕ್ಕಕ್ಕೆ ಹೋಯ್ತು. ಬಿಳಿ ಹುಲಿಯದ್ದೂ ಅದೇ ಜಾತಕ. 1951ರಲ್ಲಿ ರೀವಾ ಮಹಾರಾಜರು ಹಿಡಿಸಿದ ಮೋಹನ್ ಅನ್ನೋ ಗಂಡುಮರಿ, ಅದನ್ನ ಮಗಳು ರಾಧಾಳ ಜೊತೆಗೇ ಕೂಡಿಸಿ 1958ರಲ್ಲಿ ಬಿಳಿ ಮರಿ ತೆಗೆದ್ರು. ಎಝಡ್‌ಎ 2011ರಲ್ಲಿ ಬಣ್ಣಕ್ಕೋಸ್ಕರ ಹೀಗೆ ತಳಿ ಮಾಡೋದು ನಿಲ್ಲಿಸಿ ಅಂತ ತನ್ನ ಸದಸ್ಯರಿಗೆ ಹೇಳಿತು. ಜನರನ್ನ ಸೆಳೆಯುತ್ತೆ ಅನ್ನೋದು ಬಿಟ್ಟರೆ ಬಿಳಿ ಹುಲಿಯಿಂದ ಸಂರಕ್ಷಣೆಗೆ ಕಾಸಿನ ಪ್ರಯೋಜನ ಇಲ್ಲ.

ಅಡಿಕೆಗೊನೆ:
ಮಕ್ಕಳು ಕೇಳೋದು ಬಿಳಿ ಹುಲಿನೇ. ಟಿಕೆಟ್ ದುಡ್ಡು ಬರೋದೂ ಅದರಿಂದಲೇ. ಅದನ್ನೂ ನೋಡ್ಬೇಕಲ್ದಾ?

ತುಂಗಾತೀರ:
@ಅಡಿಕೆಗೊನೆ ಅದಕ್ಕೇ ಹೇಳಿದ್ದು ಕಾಗದದ ಹುಲಿ ಅಂತ. ಟಿಕೆಟ್ ಒಂದು ದಿಕ್ಕಿಗೆ ಎಳೆಯುತ್ತೆ, ಸ್ಟಡ್‌ಬುಕ್ ಇನ್ನೊಂದು ದಿಕ್ಕಿಗೆ.

ಕಾನುಮನೆ (ಸಾಗರ):
ಸರಿ, ಸಹಭಾಗಿ ಅಂತಲೇ ಇಟ್ಕೊಳ್ಳಿ. ವಂಡಲೂರಿಂದ ಒಂದು ಗುಂಪು ಕೊಟ್ರು ಅಂದ್ರೆ ಇಲ್ಲಿ ಏನೇನು ಬೇಕು? ಮಳೆ, ಚಳಿ, ಹಲಸು ಎಲ್ಲಾ ಅದರದ್ದೇ ಊರಿನದ್ದು. ಕಷ್ಟ ಏನು?

ದನದ_ಡಾಕ್ಟ್ರು (ತೀರ್ಥಹಳ್ಳಿ):
ಮೊದಲನೇದು, ಜೋಡಿ ತಂದು ಬಿಟ್ರೆ ಆಗಲ್ಲ. ಇದು ಗುಂಪಿನ ಪ್ರಾಣಿ. ಹೆಣ್ಣುಗಳು ಹುಟ್ಟಿದ ಗುಂಪಲ್ಲೇ ಉಳೀತವೆ, ಗಂಡುಗಳು ಬೆಳೆದಮೇಲೆ ಹೊರಗೆ ಹೋಗ್ತವೆ. ಹಾಗಾಗಿ ತಾಯಿ–ಮಗಳು–ಅಕ್ಕತಂಗಿಯರನ್ನ ಒಟ್ಟಿಗೆ ತರಬೇಕು, ಗಂಡು ಬೇರೆ ಕಡೆಯಿಂದ. ಬೆಳೆದ ಗಂಡುಮರಿಗಳಿಗೆ ಪ್ರತ್ಯೇಕ ಆವರಣ ಮೊದಲೇ ಕಟ್ಟಿರಬೇಕು. ಇದನ್ನ ಎಲ್ಲರೂ ಮರೀತಾರೆ, ಐದನೇ ವರ್ಷ ಗಂಡುಗಳು ಕಚ್ಚಾಡಿ ಗಾಯ ಆದಾಗ ಜಾಗ ಹುಡುಕ್ತಾರೆ.

ಬಂದ ಮೇಲೆ ಕನಿಷ್ಠ 30 ದಿನ ಕ್ವಾರಂಟೈನ್. ಹಿಕ್ಕೆ ಪರೀಕ್ಷೆ ಒಂದು ಸಲ ಮಾಡಿದ್ರೆ ಸಾಲದು, ಬಿಟ್ಟು ಬಿಟ್ಟು ಮೂರು ಸಲ, ಹುಳದ ಮೊಟ್ಟೆ ದಿನಾ ಬೀಳಲ್ಲ. ಕ್ಷಯ ಪರೀಕ್ಷೆ ಮಂಗಗಳಿಗೆ ಮೇಲಿನ ಕಣ್ಣುರೆಪ್ಪೆಯ ಚರ್ಮದೊಳಗೆ ಸೂಜಿ ಹಾಕಿ ಮಾಡ್ತಾರೆ, ಯಾಕಂದ್ರೆ ಪ್ರತಿಕ್ರಿಯೆಯನ್ನ ಮೂರು ದಿನ ದೂರದಿಂದಲೇ ನೋಡಬಹುದು, ಮತ್ತೆ ಹಿಡಿಯೋದು ಬೇಡ. ಪ್ರಾಣಿ ನೋಡಿಕೊಳ್ಳೋ ಪಾಲಕರಿಗೂ ಕ್ಷಯ ತಪಾಸಣೆ ಆಗಬೇಕು. ಪಾಲಕರಿಂದ ಮಂಗಕ್ಕೆ ಹೋಗುವ ಸಾಧ್ಯತೆ ಕಡಿಮೆ ಏನಲ್ಲ.

ಗಂಡನ್ನ ಗುಂಪಿಗೆ ಸೇರಿಸೋದು ಹಂತ ಹಂತವಾಗಿ. ಮೊದಲು ಬರೀ ಕಣ್ಣಿಗೆ ಕಾಣೋ ಹಾಗೆ, ಆಮೇಲೆ ಬೆರಳು ಮಾತ್ರ ತೂರೋ ಜಾಲರಿ ಮಧ್ಯೆ ಇಟ್ಟು, ಹೆಣ್ಣುಗಳು ಜಾಲರಿ ಹತ್ರ ಬಂದು ಹೇನು ತೆಗೆಸಿಕೊಳ್ಳೋಕೆ ಬೆನ್ನು ಕೊಟ್ರೆ ಒಳ್ಳೇ ಲಕ್ಷಣ. ಆಮೇಲೆ ದಿನಕ್ಕೆ ಅರ್ಧ ಗಂಟೆ ಒಟ್ಟಿಗೆ. ಹಾಲು ಕುಡಿಯೋ ಮರಿ ಇರುವಾಗ ಹೊಸ ಗಂಡನ್ನ ಬಿಡಲೇಬಾರದು, ಮರಿ ಕೊಂದುಬಿಡೋ ಅಪಾಯ ಇದೆ. ರಾತ್ರಿ ಕೋಣೆಗಳಿಗೆ ಒಂದೇ ಬಾಗಿಲಿದ್ರೆ ಕೆಳದರ್ಜೆಯ ಹೆಣ್ಣು ಮೂಲೇಲಿ ಸಿಕ್ಕಿಬೀಳುತ್ತೆ. ಎರಡು ಬಾಗಿಲು, ಒಂದರಿಂದ ಒಂದಕ್ಕೆ ಸುತ್ತುವ ದಾರಿ, ಮರೆ ಕೊಡೋ ಮರದ ಹಲಗೆ ಬೇಕು. ಆಹಾರ ನಾಲ್ಕೈದು ಕಡೆ ಹಂಚಿಡಬೇಕು, ಒಂದೇ ತಟ್ಟೆ ಇಟ್ರೆ ದೊಡ್ಡವು ಮಾತ್ರ ತಿನ್ನುತ್ತವೆ.

ಇನ್ನು ಹಲಸು, ಬಾಳೆಹಣ್ಣು ಇದೆಯಲ್ಲ ಅಂದ್ರಿ. ಕಾಡಿನ ಹಣ್ಣಿಗೂ ತೋಟದ ಹಣ್ಣಿಗೂ ಸಕ್ಕರೆಯಲ್ಲಿ ಬಹಳ ವ್ಯತ್ಯಾಸ. ದಿನಾ ಬಾಳೆಹಣ್ಣು, ದ್ರಾಕ್ಷಿ ಹಾಕಿ ಬೊಜ್ಜು ಬಂದು ಗರ್ಭ ಕಟ್ಟದ ಹೆಣ್ಣುಗಳು ಎಷ್ಟೋ. ಸೊಪ್ಪು, ತರಕಾರಿ, ಮೊಳಕೆಕಾಳು, ಹುಳು ಹೆಚ್ಚು, ಹಣ್ಣು ಕಡಿಮೆ.

ಇಷ್ಟೆಲ್ಲ ಸರಿಯಾಗಿ ಆದ್ರೂ ನಿಧಾನ. ಹೆಣ್ಣು ಮೊದಲ ಮರಿ ಹಾಕೋದು ಐದು ವರ್ಷದ ಆಸುಪಾಸು, ಗರ್ಭ ಸುಮಾರು ಆರು ತಿಂಗಳು, ಒಂದೇ ಮರಿ, ಮುಂದಿನದ್ದಕ್ಕೆ ಕಾಡಲ್ಲಾದ್ರೆ ಎರಡೂವರೆ–ಮೂರು ವರ್ಷ.

ಕ್ಯಾಸನೂರು:
ಡಾಕ್ಟ್ರು ಒಂದನ್ನ ಬಿಟ್ರು. ಮಂಗನ ಕಾಯಿಲೆ. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ ಪತ್ತೆಯಾಗಿದ್ದು. ಕರಿಮುಸುಡಿನ ಮುಷ್ಯ, ಕೆಂಪು ಮಂಗ ಎರಡೂ ಅದರಿಂದ ಸಾಯ್ತವೆ, ಹರಡೋದು ಉಣುಗಿನಿಂದ. ಬೇಸಿಗೆಗೆ ಮುಂಚೆ ಮರಿ ಉಣುಗು ಹೆಚ್ಚಾಗೋ ತಿಂಗಳುಗಳಲ್ಲಿ ಕಾಡಿನ ಮಂಗ ಆವರಣದ ಮೇಲೆ ಓಡಾಡಿದ್ರೆ ಸಾಕು. ಚೆನ್ನೈಯಲ್ಲಿ ಈ ತಲೆನೋವಿಲ್ಲ, ಇಲ್ಲಿ ಇದೆ.

ದನದ_ಡಾಕ್ಟ್ರು (ತೀರ್ಥಹಳ್ಳಿ):
@ಕ್ಯಾಸನೂರು ನೂರಕ್ಕೆ ನೂರು. ಮಲೆನಾಡಲ್ಲಿ ಮಂಗದ ಆವರಣ ಕಟ್ಟೋದಾದ್ರೆ ಮೇಲೆ ಪೂರ್ತಿ ಜಾಲರಿ ಮುಚ್ಚಬೇಕು, ಸುತ್ತ ತರಗೆಲೆ ಗುಡಿಸಿ ಬರೀ ನೆಲ ಬಿಡಬೇಕು, ದನ ಒಳಗೆ ಮೇಯಬಾರದು, ಯಾಕಂದ್ರೆ ದೊಡ್ಡ ಉಣುಗಿಗೆ ದನವೇ ಆಸರೆ. ಸುತ್ತಮುತ್ತ ಮಂಗ ಸತ್ತು ಬಿದ್ದಿದ್ರೆ ಆ ಜಾಗದ ಸುತ್ತ 50 ಅಡಿ ಮೆಲಾಥಿಯಾನ್ ಪುಡಿ ಹಾಕೋದು ಹಳೇ ಪದ್ಧತಿ. ಸೊಪ್ಪು ತರೋ ಪಾಲಕರು ಉಣುಗು ಹತ್ತದ ಹಾಗೆ ಡೆಪಾ ತೈಲ ಹಚ್ಚಿಕೊಂಡೇ ಕಾಡಿಗೆ ಹೋಗಬೇಕು, ತಂದ ಸೊಪ್ಪನ್ನ ಕೊಡವಿ ಒಳಗೆ ಹಾಕಬೇಕು.

ಮಳೆನೂಲು (ಆಗುಂಬೆ):
ಎಲ್ಲರೂ ಮಂಗದ ಹಿಂದೆ ಬಿದ್ದಿದ್ದೀರಿ. ಮಲೆನಾಡಿನ ಮಟ್ಟಿಗೆ ದೊಡ್ಡ ತಿರುವು ಕಾಳಿಂಗದ್ದು. 2024ರಲ್ಲಿ ಕಾಳಿಂಗ ಸರ್ಪ ಒಂದೇ ಜಾತಿ ಅಲ್ಲ, ನಾಲ್ಕು ಅಂತ ವಿಂಗಡಣೆ ಆಯ್ತು. ಪಶ್ಚಿಮಘಟ್ಟದ್ದಕ್ಕೆ ಒಫಿಯೊಫೇಗಸ್ ಕಾಳಿಂಗ ಅಂತಲೇ ಹೆಸರು. ಉತ್ತರ, ಈಶಾನ್ಯ ಭಾರತದ್ದು ಇನ್ನೊಂದು ಜಾತಿ. ಈಗ ಯಾವುದೋ ಮೃಗಾಲಯದಲ್ಲಿ ಒಡಿಶಾ ಕಡೆಯ ಗಂಡಿಗೆ ನಮ್ಮ ಕಡೆಯ ಹೆಣ್ಣು ಕೂಡಿಸಿದ್ರೆ ಅದು ಛತ್‌ಬೀರಿನ ಸಿಂಹದ ಪುನರಾವರ್ತನೆ. ಪ್ರಾಣಿ ಎಲ್ಲಿಂದ ಹಿಡಿದಿದ್ದು ಅಂತ ಊರಿನ ಹೆಸರು ಸಮೇತ ದಾಖಲೆ ಇಲ್ಲದಿದ್ರೆ ವಂಶವಾಹಿ ಪರೀಕ್ಷೆ ಮಾಡಿಸದೆ ಜೋಡಿ ಮಾಡಲೇಬಾರದು.

ಅಡಿಕೆಗೊನೆ:
ಕಾಳಿಂಗಕ್ಕೆ ಊಟ ಎಂತ ಹಾಕ್ತಾರೆ, ಇಲಿನಾ?

ಮಳೆನೂಲು (ಆಗುಂಬೆ):
@ಅಡಿಕೆಗೊನೆ ಹಾವೇ ಬೇಕು. ಅದೇ ಫಜೀತಿ. ಕೇರೆಹಾವು, ನೀರುಹಾವು ಇವನ್ನ ಕಾಡಿಂದ ಹಿಡಿದು ಹಾಕೋಕೆ ಅನುಮತಿ ಬೇಕು, ಕಾಡಿನ ಹಾವಲ್ಲಿ ಪರಾವಲಂಬಿ ಹುಳ ಬೇರೆ. ಮೊಟ್ಟೆ ವಿಷಯಕ್ಕೆ ಬಂದ್ರೆ ಹೆಣ್ಣು ತರಗೆಲೆ ಗುಡ್ಡೆ ಮಾಡಿ ಗೂಡು ಕಟ್ಟುತ್ತೆ, ಹಾಗೆ ಕಟ್ಟೋ ಹಾವು ಇದೊಂದೇ. ಆವರಣದಲ್ಲಿ ಬಿದಿರೆಲೆ, ತರಗು ರಾಶಿ ಇಡದಿದ್ರೆ ಕಂಡಕಂಡಲ್ಲಿ ಮೊಟ್ಟೆ ಹಾಕುತ್ತೆ. 28 ಡಿಗ್ರಿ ಆಸುಪಾಸು, ಒಳಗೆ ತೇವ ಇರಬೇಕು, ಮೊಟ್ಟೆ ಮೇಲೆ ನೀರು ತೊಟ್ಟಿಕ್ಕಬಾರದು. ಎರಡೂವರೆ ತಿಂಗಳಾದ್ರೂ ಬೇಕು. ಮೊಟ್ಟೆ ಇಟ್ಟ ಭಂಗಿ ಬದಲಾಯಿಸಿದ್ರೆ ಒಳಗಿನ ಮರಿ ಸಾಯುತ್ತೆ, ಅದಕ್ಕೆ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಎತ್ತಬೇಕು.

ಅಂಕಿಲೆಕ್ಕ:
ಮಳೆನೂಲು ಹೇಳಿದ್ದು ಸಿಂಗಳೀಕಕ್ಕೂ ಅನ್ವಯ. ಪಾಲಕ್ಕಾಡ್ ಕಣಿವೆಯ ಉತ್ತರದ ಮತ್ತು ದಕ್ಷಿಣದ ಸಿಂಗಳೀಕಗಳು ವಂಶವಾಹಿಯಲ್ಲಿ ಎರಡು ಗುಂಪು ಅಂತ ಅಧ್ಯಯನ ಆಗಿದೆ. ಶರಾವತಿ, ಅಘನಾಶಿನಿಯವು ಉತ್ತರದವು, ಅದರಲ್ಲೂ ಉತ್ತರದ ಕೊನೆಯ ಗುಂಪುಗಳು. ಮೃಗಾಲಯದಲ್ಲಿರೋ ಹಳೇ ಪ್ರಾಣಿಗಳ ಮೂಲ ಯಾವ ಕಾಡು ಅಂತ ಬರೆದಿಟ್ಟಿದ್ದು ಕಡಿಮೆ. ಗೊತ್ತಿಲ್ಲದ ಮೂಲದ ಮರಿ ತಂದು ಗೇರುಸೊಪ್ಪೆ ಕಾಡಿಗೆ ಬಿಡೋದು ಉಪಕಾರ ಅಲ್ಲ.

ಹೊಸನಗರದ ಹೈದ:
ಕಾಡಿಗೆ ಬಿಡೋ ಮಾತೇ ಯಾಕೆ ಮಾರಾಯ್ರೆ. ಅಘನಾಶಿನಿಗೆ 2011ರಲ್ಲೇ ಸಂರಕ್ಷಣಾ ಮೀಸಲು ಅಂತಾಯ್ತು, ಶರಾವತಿಗೆ 2019ರಲ್ಲಿ ಸಿಂಗಳೀಕ ಅಭಯಾರಣ್ಯ ಆಯ್ತು. ಅದೇ ಅಭಯಾರಣ್ಯದಲ್ಲಿ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಅಂತ ಸುರಂಗ ಕೊರೆಯೋಕೆ ಹೊರಟಿದ್ದಾರೆ. ಒಂದು ಕಡೆ ಕಾಡು ಕಡೀರಿ, ಇನ್ನೊಂದು ಕಡೆ ಬೋನಲ್ಲಿ ಮರಿ ಮಾಡಿಸಿ. ಒಳ್ಳೇ ಸಂರಕ್ಷಣೆ.

ಅಡಿಕೆಗೊನೆ:
ಕರೆಂಟೂ ಬೇಕಲ್ರೀ.

ಹೊಸನಗರದ ಹೈದ:
@ಅಡಿಕೆಗೊನೆ ಆ ಜಗಳಕ್ಕೆ ಬೇರೆ ಚರ್ಚೆ ಇದೆ, ಅಲ್ಲಿಗೆ ಬನ್ನಿ.

ಕಾಡುಹಾದಿ (ಸಿರ್ಸಿ):
ಹೈದನ ಮಾತಲ್ಲಿ ತಿರುಳಿದೆ. ಉತ್ತರದ ಸಿಂಗಳೀಕದ ಕಷ್ಟ ಸಂಖ್ಯೆ ಕಡಿಮೆ ಅನ್ನೋದಕ್ಕಿಂತ ಕಾಡು ತುಂಡಾಗಿದೆ ಅನ್ನೋದು. ನೆಲಕ್ಕಿಳಿಯೋದು ಅಪರೂಪದ ಪ್ರಾಣಿ, ಮರದ ನೆತ್ತಿ ತಪ್ಪಿದ್ರೆ ರಸ್ತೆಗೆ ಬರುತ್ತೆ. ಘಾಟಿಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು ಎಸೆಯೋರು ಅದನ್ನ ಚಕ್ರದಡಿಗೆ ಕರೀತಿದ್ದಾರೆ. ತಮಿಳುನಾಡಿನ ವಾಲ್ಪಾರೈನಲ್ಲಿ ರಸ್ತೆ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದು ನೋಡಿ, ಒಂದು ಸಂತಾನಾಭಿವೃದ್ಧಿ ಕೇಂದ್ರದ ಖರ್ಚಿನ ಮುಂದೆ ಅದು ಪುಡಿಕಾಸು. ಉಪ್ಪಾಗೆ ಹಣ್ಣು ಅದರ ಆಹಾರ, ಅದೇ ಉಪ್ಪಾಗೆಯನ್ನ ನಾವು ಸಿಪ್ಪೆಗೆ ಕೊಯ್ತೀವಿ. ಹಣ್ಣಾಗಿ ಬೀಳೋ ತನಕ ಕಾಯದೆ ಕೊಂಬೆ ಕಡಿದು ಕೊಯ್ಯೋದನ್ನ ನಿಲ್ಲಿಸಿದ್ರೆ ಮರಕ್ಕೂ ಒಳ್ಳೇದು, ಸಿಂಗಳೀಕಕ್ಕೂ ಒಳ್ಳೇದು.

ಕಲಂ38:
@ಕಾಡುಹಾದಿ ಒಪ್ಪಿದೆ, ಆದ್ರೆ ಎಲ್ಲಾ ಪ್ರಾಣಿಗೂ ಇದೇ ಅಲ್ಲ. ಅಸ್ಸಾಮಿನ ಪಿಗ್ಮಿ ಹಂದಿಯನ್ನ 1996ರಲ್ಲಿ ಆರೇ ಆರು ಹಿಡಿದು ಶುರು ಮಾಡಿದ್ರು, 2008ರಿಂದ ಕಾಡಿಗೆ ಬಿಡ್ತಿದ್ದಾರೆ. ಹೈದರಾಬಾದಿನಲ್ಲಿ ಬರ್ಕವನ್ನ (ಮೊಲದಷ್ಟು ಸಣ್ಣ ಜಿಂಕೆಯಂಥ ಪ್ರಾಣಿ) 2010ರಿಂದ ಹೆಚ್ಚಿಸಿ 2017ರಲ್ಲಿ ಅಮ್ರಾಬಾದ್ ಕಾಡಿಗೆ ಬಿಟ್ರು. ದನಕ್ಕೆ ಕೊಡೋ ನೋವಿನ ಮದ್ದು ಡೈಕ್ಲೊಫೆನಾಕ್ ಹೊಡೆತಕ್ಕೆ ಸಿಕ್ಕ ರಣಹದ್ದಿಗೆ ಹರಿಯಾಣದ ಪಿಂಜೋರಿನ ಕೇಂದ್ರ ಆಸರೆ ಆಯ್ತು. ಈ ಮೂರರಲ್ಲೂ ಸಂತಾನ ಕೇಂದ್ರ ಜನರ ಕಣ್ಣಿಗೆ ಬೀಳೋ ಜಾಗದಲ್ಲಿಲ್ಲ. ಮೈಸೂರಿನವರೂ ಕಾಡೆಮ್ಮೆಗೆ ಕೂರ್ಗಳ್ಳಿಯಲ್ಲಿ ಬೇರೆ ಜಾಗ ಮಾಡಿದ್ದು ಅದಕ್ಕೇ. 2022ರ ತಿದ್ದುಪಡಿಯಲ್ಲಿ ಇಂಥ ಪ್ರದರ್ಶನ ಇಲ್ಲದ ಕೇಂದ್ರಗಳೂ ಕಾನೂನಿನ ಲೆಕ್ಕದಲ್ಲಿ ಮೃಗಾಲಯವೇ, ಅವಕ್ಕೂ ಮಾನ್ಯತೆ ಬೇಕು.

ತುಂಗಾತೀರ:
ಹಾಗಾದ್ರೆ ಸಕ್ರೆಬೈಲು? ಅಲ್ಲೂ ಮರಿ ಹುಟ್ತವಲ್ಲ.

ದನದ_ಡಾಕ್ಟ್ರು (ತೀರ್ಥಹಳ್ಳಿ):
@ತುಂಗಾತೀರ ಅದು ಇಲಾಖೆಯ ಆನೆ ಶಿಬಿರ. ತಮಾಷೆ ಏನಂದ್ರೆ ವಂಶವಾಹಿ ಲೆಕ್ಕದಲ್ಲಿ ಅವರದ್ದು ಎಲ್ಲರಿಗಿಂತ ಚೆನ್ನಾಗಿದೆ. ರಾತ್ರಿ ಮೇಯೋಕೆ ಕಾಡಿಗೆ ಬಿಟ್ಟ ಹೆಣ್ಣಾನೆಗಳನ್ನ ಶೆಟ್ಟಿಹಳ್ಳಿ ಕಾಡಿನ ಸಲಗಗಳು ಕೂಡ್ತವೆ. ಪ್ರತಿ ಸಲ ಹೊಸ ರಕ್ತ. ಅಪ್ಪ ಯಾರು ಅಂತ ಬರೆಯೋಕೆ ಬರಲ್ಲ ಅನ್ನೋದೊಂದೇ ಕೊರತೆ.

ಹೊಸನಗರದ ಹೈದ:
😂 ಸ್ಟಡ್‌ಬುಕ್ ಕಾಲಂ ಖಾಲಿ, ಮರಿ ಮಾತ್ರ ಗಟ್ಟಿಮುಟ್ಟು.

ಅಡಿಕೆಗೊನೆ:
ಸಂಬಂಧ ಇಲ್ಲದ ಪ್ರಶ್ನೆ. ಮಂಗಳವಾರ ಯಾಕೆ ಮುಚ್ತಾರೆ? ಹುಲಿಗೆ ಉಪವಾಸ ಅಂತ ಕೇಳಿದ್ದೆ.

ಕಲಂ38:
ವಾರಕ್ಕೊಂದು ದಿನ ಮುಚ್ಚೋದು ನಿಯಮ, ಯಾವ ದಿನ ಅನ್ನೋದು ಅವರಿಗೆ ಬಿಟ್ಟಿದ್ದು. ದೊಡ್ಡ ಬೆಕ್ಕುಗಳಿಗೆ ವಾರಕ್ಕೆ ಒಂದು ದಿನ ಮಾಂಸ ಇಲ್ಲದಿರೋದು ಮೃಗಾಲಯಗಳ ರೂಢಿ, ಕಾಡಲ್ಲೂ ಅವು ದಿನಾ ತಿನ್ನಲ್ಲ. ಬೇಲಿ, ಬಾಗಿಲು ರಿಪೇರಿಗೂ ಅದೇ ದಿನ ಬೇಕು.

ಕಾನುಮನೆ (ಸಾಗರ):
ಚರ್ಚೆ ಎಲ್ಲೆಲ್ಲೋ ಹೋದ್ರೂ ಸುಮಾರು ಸ್ಪಷ್ಟ ಆಯ್ತು. ನನ್ನ ಪಟ್ಟು ಒಂದು ಉಳಿದಿದೆ. ಸಂಘರ್ಷದಲ್ಲಿ ಸೆರೆ ಸಿಕ್ಕ ಚಿರತೆಗಳೆಲ್ಲ ಮೃಗಾಲಯಕ್ಕೇ ಬರ್ತವೆ. ಕಾಡಲ್ಲಿ ಹುಟ್ಟಿದವು ಅಂದ್ರೆ ಅಂಕಿಲೆಕ್ಕದವರ ಭಾಷೇಲಿ ಅವೂ ಮೂಲಪ್ರಾಣಿಗಳೇ. ಅವುಗಳಿಂದಾದ್ರೂ ಮರಿ ಮಾಡಿಸಬಾರದಾ?

ಅಂಕಿಲೆಕ್ಕ:
ಗಣಿತದಲ್ಲಿ ಹೌದು. ಅವಶ್ಯಕತೆಯಲ್ಲಿ ಇಲ್ಲ. ಕಾಡಿನ ಚಿರತೆಗೆ ಮರಿ ಕೊರತೆ ಇಲ್ಲ, ಮೃಗಾಲಯಗಳಿಗೆ ಚಿರತೆ ಕೋಣೆಯ ಕೊರತೆ. ಒಂದು ಮರಿ ಹುಟ್ಟಿದ್ರೆ ಹದಿನೈದು–ಇಪ್ಪತ್ತು ವರ್ಷ ಒಂದು ಕೋಣೆ ಹೋಯ್ತು. ಆ ಕೋಣೆ ಮುಂದಿನ ವರ್ಷ ಬೋನಿಗೆ ಬೀಳೋ ಚಿರತೆಗೆ ಬೇಕು.

ಕಾನುಮನೆ (ಸಾಗರ):
ಸರಿ. ಕೊನೇದಾಗಿ, ಯಾವ ಮೃಗಾಲಯ ಹೇಗೆ ನಡೀತಿದೆ ಅಂತ ನಮ್ಮಂಥವರು ತಿಳ್ಕೊಳ್ಳೋದು ಹೇಗೆ?

ಕಲಂ38:
ವಾರ್ಷಿಕ ವರದಿ ತೆಗೀರಿ, ಕೊನೆಯ ಪ್ರಾಣಿ ಪಟ್ಟಿಗೆ ಹೋಗಿ. ವರ್ಷದ ಶುರುವಿನ ಸಂಖ್ಯೆ, ಜನನ, ತಂದಿದ್ದು, ಕೊಟ್ಟಿದ್ದು, ಸಾವು, ವರ್ಷದ ಕೊನೆಯ ಸಂಖ್ಯೆ ಅಂತ ಸಾಲುಗಳಿರುತ್ತವೆ. ಮೂರು ವರ್ಷದ್ದು ಪಕ್ಕ ಪಕ್ಕ ಇಡಿ. ಜಿಂಕೆ ಜನನವೂ ಸಾವೂ ಎರಡೂ ಜಾಸ್ತಿ ಇದ್ರೆ ಹತೋಟಿ ಇಲ್ಲ ಅಂತ ಅರ್ಥ. ಅಪರೂಪದ ಜಾತಿಯಲ್ಲಿ ಜನನ ಇದೆ, ಕೊಟ್ಟಿದ್ದು–ತಂದಿದ್ದು ಸೊನ್ನೆ ಅಂದ್ರೆ ಗಂಡು ಬದಲಾಯಿಸಿಲ್ಲ. ಒಂಟಿ ಪ್ರಾಣಿ ವರ್ಷಗಟ್ಟಲೆ ಒಂಟಿಯಾಗೇ ಇದ್ರೆ ಕಾರಣ ಕೇಳಿ, ಸಕಾರಣ ಇಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಜೋಡಿ ಇಲ್ಲದೆ ಇಡಬಾರದು ಅಂತ ನಿಯಮ ಇದೆ. ಮರಿಗಳ ಸಾವು ಜನನದ ಅರ್ಧ ದಾಟಿದ್ರೆ ಮರಣೋತ್ತರ ವರದಿಯ ಸಾರಾಂಶಕ್ಕೆ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ.

ಅಡಿಕೆಗೊನೆ:
ಒಂದು ವರದಿ ತೆರೆದೆ. 1.2.3 ಅಂತ ಚುಕ್ಕಿ ಹಾಕಿ ಬರೆದಿದ್ದಾರೆ, ಇದೆಂತದು?

ಕಲಂ38:
ಒಂದು ಗಂಡು, ಎರಡು ಹೆಣ್ಣು, ಲಿಂಗ ಇನ್ನೂ ಗೊತ್ತಾಗದ್ದು ಮೂರು. ಆ ಮೂರನೇ ಅಂಕಿ ವರ್ಷ ವರ್ಷ ಹಾಗೇ ಉಳಿದಿದ್ರೆ ಯಾರೂ ಹಿಡಿದು ನೋಡಿಲ್ಲ ಅಂತ ಲೆಕ್ಕ.